ಹಗ್ಗದ ಕಮಾಂಡರ್

ಕಿವು ಬೆಟ್ಟದ ಗಣಿಯಿಂದ ಅದಿರಿನ ಮೂಟೆ ಇಳಿಯುವ ದಾರಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಕೂರುವ, ಬಂಡುಕೋರ ಗುಂಪಿನ ಕಮಾಂಡರ್ ಜಿಹಾಲಿರ್ವಾ ಬಲು ಮಾತುಗಾರ. ಪ್ರತಿ ಮೂಟೆಯಲ್ಲೂ ತನ್ನ ಪಾಲು ಕಿತ್ತುಕೊಳ್ಳುತ್ತಲೇ, ಹೊತ್ತು ತಂದವರ ಮಕ್ಕಳ ಕೆಮ್ಮು ವಾಸಿಯಾಯಿತೇ ಎಂದು ವಿಚಾರಿಸುತ್ತಾನೆ. ವೈರಿ ಗುಂಪಿನ ನಾಯಕನ ಜೊತೆ ಭಾನುವಾರ ಬಾಳೆಹಣ್ಣಿನ ಹೆಂಡ ಕುಡಿಯುತ್ತಾನೆ. ಮುಂದಿನ ಕಾಳಗ ಎಲ್ಲಿ ಎಂಬುದನ್ನು ಇಬ್ಬರೂ ಅಲ್ಲೇ ಮಾತಾಡಿಕೊಳ್ಳುತ್ತಾರೆ. ರೇಡಿಯೊದಲ್ಲಿ ಸಂಧಾನದ ಸುದ್ದಿ ಬಂದರೆ ಅವನಿಗೆ ಹೊಟ್ಟೆನೋವು. "ಮನೆಗೆ ಯಾವಾಗ ಹೋಗೋದು ಕಮಾಂಡ್ರೇ? ಹಗ್ಗಾನೇ ಮದ್ವೆ ಆಗ್ಬಿಟ್ರಾ?" ಎಂದು ಗೆಣಸು ಮಾರುವ ನಬಿಂತು ಮುದುಕಿ ಕೆಣಕಿದರೆ, "ಯುದ್ಧ ಮುಗೀಲಿ ಅಜ್ಜಿ, ಎಲ್ರಿಗಿಂತ ಮೊದ್ಲು ನಾನೇ ಹೋಗ್ತೀನಿ" ಎಂದು ನಗುತ್ತಾನೆ. ಕಳೆದ ಮಳೆಗಾಲದಲ್ಲಿ ಅವ್ವ ಸತ್ತ ಸುದ್ದಿ ಕೇಳಿ ಬಂದೂಕು ಬಿಟ್ಟು ಊರಿಗೆ ನಡೆದ. ಅವನ ಕಾಳಗಗಳಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದ ಆ ಊರಿನಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಹೆಗಲು ಕೊಡುವವರಿಲ್ಲದೆ, ಅವ್ವನನ್ನು ಕೂಸಿನಂತೆ ಬೆನ್ನಿಗೆ ಕಟ್ಟಿಕೊಂಡು, ಮಣ್ಣು ಮಾಡಲು ಒಬ್ಬನೇ ಗುಡ್ಡ ಹತ್ತಿದ.