ಹೊಗೆ ಹಾಕದ ಮನೆ

ಈಚೆಗೆ ಒಂದು ದಿನ ಕೋಲಾರಕ್ಕೆ ಹೋಗುವ ಬಸ್ಸಿನಲ್ಲಿ ಒಬ್ಬ ಹೆಂಗಸು ಹಿಪ್ಪುನೇರಳೆ ಸೊಪ್ಪಿನ ಮೂಟೆಯನ್ನು ನನ್ನ ಕಾಲ ಬಳಿ ಇಟ್ಟು ಪಕ್ಕದಲ್ಲಿ ಕುಳಿತಳು. ಬಿಸಿಲಿಗೆ ಮೂಟೆ ಬೆಚ್ಚಗಾಗುತ್ತಿದ್ದಂತೆ ಅದರ ವಾಸನೆ ಮೇಲೆದ್ದಿತು. ಹಸಿ ಹುಲ್ಲಿಗೆ ಸ್ವಲ್ಪ ಹಾಲು ಬೆರೆಸಿದಂಥ, ಮೂಗಿನ ತುದಿಗೆ ತುಸು ಒಗರಾಗಿ ತಾಗುವ ವಾಸನೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಆ ವಾಸನೆಯಲ್ಲಿ ಬೆಳೆದ ಹಿರಿಯರಲ್ಲಿ ಈಗ ನಮ್ಮ ಮನೆತನದಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ವಕ್ಕಲೇರಿಯ ಆಚೆ ನಮ್ಮ ಊರಿನಲ್ಲಿ, ಕಲ್ಲು ಮಣ್ಣಿನ ದಪ್ಪ ಗೋಡೆಯ, ನಾಡಹೆಂಚಿನ ಒಂದು ಮನೆಯಿತ್ತು. ನಡುಮನೆಯ ಉದ್ದಕ್ಕೂ ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ತಟ್ಟೆಗಳ ತುಂಬ ರೇಷ್ಮೆ ಹುಳ. ಸೊಪ್ಪು ಹಾಕಿದ ಮೇಲೆ ಅವು ಮೇಯುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಕೇಳುತ್ತಿತ್ತು. ನಾವು ಮಕ್ಕಳು ಆ ಮಳೆ ಕೇಳುತ್ತ, ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿ ದೊಡ್ಡವರಾದೆವು.

ಆ ಮನೆಯಲ್ಲಿ ನಮ್ಮ ಜೊತೆ ಬೇರೆಯವರೂ ಇದ್ದರು. ಗೋಡೆಯ ಬಿರುಕುಗಳಲ್ಲಿ, ಹೆಂಚಿನ ಸಂದುಗಳಲ್ಲಿ ಚೇಳುಗಳಿದ್ದವು. ಕರಿ ಚೇಳು ನೋಡಲು ಭಯಂಕರ, ಕುಟುಕಿದರೆ ಒಂದು ದಿನದ ಅಳು, ಅಷ್ಟೇ. ಬೆರಳುದ್ದದ ಕೆಂಪು ಚೇಳು ಹಾಗಲ್ಲ, ಅದು ಜೀವಕ್ಕೇ ಕೈ ಹಾಕುತ್ತಿತ್ತು. ಗೋಡೆಯ ಮೇಲೆ ಅಂಗೈ ಅಗಲದ ಚಪ್ಪಟೆ ಜೇಡಗಳು ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥ ಮೊಟ್ಟೆಯ ಚೀಲ ಹಿಡಿದುಕೊಂಡು ಓಡಾಡುತ್ತಿದ್ದವು. ಅವು ಮನುಷ್ಯರ ತಂಟೆಗೆ ಬರುತ್ತಿರಲಿಲ್ಲ. ಇನ್ನೊಂದು ಜಾತಿ ಮೈಯೆಲ್ಲ ಕೂದಲಿನದು. ಹಿತ್ತಿಲ ಹೊಂಗೆ ಮರದ ಪೊಟರೆಯಿಂದ ಸೂರಿಗೆ ಬರುತ್ತಿತ್ತು. ಮುಂಗಾಲೆತ್ತಿದರೆ ಕೆಳಗೆ ಹಳದಿ ಪಟ್ಟೆ ಕಾಣುತ್ತಿತ್ತು. ಒಮ್ಮೆ ಅದು ಅಪ್ಪನ ಮೊಣಕೈಗೆ ಕಚ್ಚಿ, ಅವರು ಬಹಳ ದಿನ ಕೈ ಮಡಿಸಲಾಗದೆ, ಮೈ ಸೆಳೆತದಿಂದ ನರಳಿದ್ದರು. ಇಲಿ ಬಂದರೆ ಇಲಿಯ ಹಿಂದೆ ಹಾವು ಬರುತ್ತಿತ್ತು. ತಟ್ಟೆಗಳನ್ನು ಹೊತ್ತ ಗೂಟಗಳ ಬುಡಕ್ಕೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಿದ್ದೆವು. ಆ ನೀರು ಕುಡಿಯಲು ಬರುವ ಹಲ್ಲಿಗಳನ್ನು ಓಡಿಸುವುದು ನನ್ನ ಕೆಲಸ.

ಬೇರೆ ಮನೆಗಳಲ್ಲೂ ಇವೆಲ್ಲ ಇದ್ದವು. ಆದರೆ ಅವರು ಬೇವಿನ ಸೊಪ್ಪು, ಹೊಗೆಸೊಪ್ಪಿನ ಕಡ್ಡಿ, ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿ ಬಾಗಿಲು ಮುಚ್ಚಿ ಹೊಗೆ ಹಾಕುತ್ತಿದ್ದರು. ಹೊಗೆಗೆ ಚೇಳು, ಜೇಡ, ಎಲ್ಲವೂ ಹೊರಗೆ ಓಡುತ್ತಿದ್ದವು. ನಮಗೆ ಆ ದಾರಿ ಇರಲಿಲ್ಲ. ರೇಷ್ಮೆ ಹುಳಕ್ಕೆ ಹೊಗೆ ತಗುಲಿದರೆ ಅದು ಅಲ್ಲೇ ಸುರುಟಿಕೊಂಡು ಸಾಯುತ್ತದೆ. ಹೊಗೆಸೊಪ್ಪು ಮುಟ್ಟಿದ ಕೈಯೂ ಅದಕ್ಕೆ ವಿಷ. ಆದ್ದರಿಂದ ನಮ್ಮ ಅಡುಗೆಮನೆ ಹಿತ್ತಿಲ ಕೊನೆಯಲ್ಲಿ ಬೇರೆಯಾಗಿತ್ತು, ಬೀಡಿ ಸೇದುವವರಿಗೆ ಹೊಸಿಲ ಹತ್ತಿರವೂ ಜಾಗವಿರಲಿಲ್ಲ. ಚೇಳನ್ನು ಇಕ್ಕಳದಲ್ಲಿ ಹಿಡಿದು, ಜೇಡವನ್ನು ಕುಡಿಕೆಗೆ ತುಂಬಿ, ಸುತ್ತುವ ಮುಂಚೆ ಚಾಪೆ ಕೊಡವಿ ನೆಲ ನೋಡಿ, ಕಣ್ಣು ತೆರೆದುಕೊಂಡೇ ಬದುಕುವುದನ್ನು ನಮಗೆ ಕಲಿಸಿದವರು ಅಪ್ಪನ ತಾಯಿ. ಅವರ ತವರು ಆಂಧ್ರದ ಗಡಿಯ ರಾಯಲ್ಪಾಡು. ಅಲ್ಲಿಯವರಂತೆ ನಾವು ಅವರನ್ನು ಅವ್ವ ಎನ್ನುತ್ತಿದ್ದೆವು. ಕುಳ್ಳನೆಯ, ಕಪ್ಪನೆಯ, ಗಟ್ಟಿ ಮನುಷ್ಯೆ. ಯಾರ ಮೇಲಾದರೂ ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಹೋಗಿಬಿಡುತ್ತಿದ್ದರು.

ಎರಡನೇ ಮಹಾಯುದ್ಧದ ಕಾಲ ಅದು. ನನಗೆ ಹತ್ತು ವರ್ಷವಿದ್ದಿರಬೇಕು. ರೇಷ್ಮೆ ಗೂಡು ಕೊಳ್ಳಲು ಬರುತ್ತಿದ್ದ ಸಾಬರು ಒಂದು ಸಲ ಜಗಲಿಯ ಮೇಲೆ ಕುಳಿತು, ನಮ್ಮ ಕಡೆಯ ರೇಷ್ಮೆಯಿಂದ ಸೋಲ್ಜರುಗಳಿಗೆ ದೊಡ್ಡ ಛತ್ರಿ ಮಾಡುತ್ತಾರೆಂದೂ, ಅವರು ಅದನ್ನು ಹಿಡಿದುಕೊಂಡು ವಿಮಾನದಿಂದ ಧುಮುಕುತ್ತಾರೆಂದೂ ಹೇಳಿದರು. ಅವ್ವ, “ನಮ್ ಹುಳ ಬಿಟ್ಟ ನೂಲು ಹಿಡ್ಕೊಂಡು ಮನುಷ್ಯ ಮೋಡದಿಂದ ಇಳೀತಾನಾ!” ಎಂದರು. ಅವತ್ತಿನಿಂದ ಅವರು ಹುಳದ ತಟ್ಟೆಯ ಮುಂದೆ ನಿಂತಾಗ ಬೆನ್ನು ಇನ್ನೂ ಸ್ವಲ್ಪ ನೆಟ್ಟಗಾದಂತೆ ನನಗೆ ಕಾಣುತ್ತಿತ್ತು.

ಅದೇ ವರ್ಷ ಚಿಕ್ಕಪ್ಪನ ಮದುವೆಯಾಗಿ ರಾಜಮ್ಮ ಚಿಕ್ಕಮ್ಮ ಮನೆಗೆ ಬಂದರು. ಕೋಲಾರ ಪೇಟೆಯಲ್ಲಿ, ಸುಣ್ಣ ಬಳಿದ ಗಾರೆ ಮನೆಯಲ್ಲಿ ಬೆಳೆದವರು. ಬಂದ ದಿನವೇ ದೀಪದ ಗೂಡಿನಲ್ಲಿ ಕೈಯಿಟ್ಟಾಗ ಒಂದು ಜೇಡ ಅವರ ಮಣಿಕಟ್ಟಿನ ಮೇಲೆ ಹರಿದು ಹೋಯಿತು. ಅವರು ಕೂಗಿದ ಕೂಗಿಗೆ ಬೀದಿಯವರೆಲ್ಲ ಬಂದರು. ಆಮೇಲೆ ನನ್ನ ಕೈ ಹಿಡಿಯದೆ ಅವರು ಹುಳದ ನಡುಮನೆಗೆ ಕಾಲಿಡುತ್ತಿರಲಿಲ್ಲ. “ಲಚ್ಚೀ, ಮೇಲೆ ನೋಡೇ, ಏನಾದ್ರೂ ಇದ್ಯಾ?” ಎಂದು ಕೇಳಿ, ನಾನು ಇಲ್ಲವೆಂದ ಮೇಲೆಯೇ ಬರುತ್ತಿದ್ದರು. ಕೆಲಸ ಮಾತ್ರ ಅಚ್ಚುಕಟ್ಟಾಗಿ ಕಲಿತರು. ಸೊಪ್ಪು ಸಣ್ಣಗೆ ಹೆಚ್ಚುವುದರಲ್ಲಿ ಅಮ್ಮನನ್ನೂ ಮೀರಿಸಿದರು. ಆದರೂ ಅವ್ವ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. “ಪೇಟೆ ಹುಡುಗಿ” ಎನ್ನುತ್ತಿದ್ದರು. “ಈ ಪೇಟೆ ಹುಡುಗಿ ನಮ್ಮನೇಲಿ ನಿಲ್ಲಲ್ಲ ಕಣೋ” ಎಂದು ಅಪ್ಪನ ಹತ್ತಿರ ಹೇಳಿದ್ದು ಚಿಕ್ಕಮ್ಮನ ಕಿವಿಗೂ ಬಿದ್ದಿತ್ತು. ಈ ಸಲದ ಹುಳದ ಬೆಳೆ ಮುಗಿದ ಮೇಲೆ ತಂದೆ ಬಂದು ಕರೆದುಕೊಂಡು ಹೋಗುತ್ತಾರೆ, ಆಮೇಲೆ ಚಿಕ್ಕಪ್ಪನೇ ಪೇಟೆಗೆ ಬರಲಿ ಎಂದು ಅವರು ನನಗೆ ಗುಟ್ಟಾಗಿ ಹೇಳಿದ್ದರು.

ಆ ಬೆಳೆಯ ಹುಳ ಹಣ್ಣಾದ ದಿನ ನಡೆದದ್ದು ಇದು. ಹುಳ ಮೇಯುವುದನ್ನು ಬಿಟ್ಟು, ಮೈ ಜೇನಿನಂತೆ ತಿಳಿಯಾಗಿ, ತಲೆಯೆತ್ತಿ ಆಡಿಸುತ್ತ ನೂಲು ಬಿಡಲು ಜಾಗ ಹುಡುಕುವುದಕ್ಕೆ ಹಣ್ಣಾಗುವುದು ಎನ್ನುತ್ತಾರೆ. ಆಗ ಒಂದೊಂದನ್ನೇ ಆರಿಸಿ, ಬಿದಿರಿನ ದೆಬ್ಬೆಯನ್ನು ಸುರುಳಿ ಸುತ್ತಿ ಮಾಡಿದ ಚಂದ್ರಿಕೆಯ ಮೇಲೆ ಬಿಡಬೇಕು. ತಡಮಾಡಿದರೆ ನೂಲೆಲ್ಲ ತಟ್ಟೆಯಲ್ಲೇ ಹಾಳು, ಇಡೀ ಬೆಳೆ ಹೋದಂತೆ. ಅಮ್ಮ ಆಗ ಬಾಣಂತಿ, ತಮ್ಮ ಹುಟ್ಟಿ ಇನ್ನೂ ತೊಟ್ಟಿಲಿಗೆ ಹಾಕಿರಲಿಲ್ಲ. ಹುಳಕ್ಕಾಗಿ ಆ ಕೂಸಿಗೆ ಸಾಂಬ್ರಾಣಿ ಹೊಗೆಯನ್ನೂ ತೋರಿಸಿರಲಿಲ್ಲ. ಬೆಳಿಗ್ಗೆ ಅವ್ವ ಅಂಗಳದಲ್ಲಿ ಗೋಡೆಗೆ ಒರಗಿಸಿ ಒಣಗಲಿಟ್ಟಿದ್ದ ಚಂದ್ರಿಕೆಯೊಂದನ್ನು ಎತ್ತಿದರು. “ತೇಲು ಕುಟ್ಟಿಂದಿರಾ!” ಎಂಬ ಕೂಗು ಕೇಳಿತು. ಚೇಳು ಕುಟುಕಿತು ಎಂದು. ನಾವು ಓಡಿದಾಗ ಅವ್ವ ಬಲಗೈ ಹೆಬ್ಬೆರಳನ್ನು ಒತ್ತಿ ಹಿಡಿದು ಕುಳಿತಿದ್ದರು. ಬಿದಿರಿನ ಸಂದಿನಲ್ಲಿ ಕೆಂಪು ಚೇಳು ಬಾಲ ಮಡಿಸಿಕೊಂಡಿತ್ತು. ಚಿಕ್ಕಪ್ಪ ಅದನ್ನು ಇಕ್ಕಳದಲ್ಲಿ ಹಿಡಿದು ತೆಗೆದರು.

ಸ್ವಲ್ಪ ಹೊತ್ತಿಗೆ ಅವ್ವನ ಮೈಯೆಲ್ಲ ಬೆವತು, ಸೀರೆ ನೆಂದು, ಕೈಕಾಲು ತಣ್ಣಗಾದವು. ಎರಡು ಸಲ ವಾಂತಿಯಾಯಿತು. ಅಪ್ಪ ಮತ್ತು ಚಿಕ್ಕಪ್ಪ ಎತ್ತಿನ ಗಾಡಿಗೆ ಹುಲ್ಲು ಹಾಸಿ ಅವರನ್ನು ಮಲಗಿಸಿದರು. ಕೋಲಾರದ ಆಸ್ಪತ್ರೆಗೆ ಹೋಗುವುದೆಂದಾಯಿತು. “ಹುಳ ಹಾಳಾಗ್ಲಿ, ಎಲ್ಲ ಬಿಟ್ಟು ಒಳಗೆ ಕೂತ್ಕೊಳ್ಳಿ” ಎಂದು ಅಪ್ಪ ನಮಗೆ ಹೇಳಿದರು. ಗಾಡಿ ಹೊರಡುವಾಗ ಅವ್ವ ಕಣ್ಣು ತೆರೆದು ಚಿಕ್ಕಮ್ಮನನ್ನು ಹುಡುಕಿದರು.

“ರಾಜಮ್ಮಾ. ಹುಳ ಹಣ್ಣಾಗಿದೆ. ನೀನಿದೀಯಲ್ಲ.”

ಮದುವೆಯಾದ ಮೇಲೆ ಅತ್ತೆಯ ಬಾಯಲ್ಲಿ ತಮ್ಮ ಹೆಸರನ್ನು ಚಿಕ್ಕಮ್ಮ ಕೇಳಿದ್ದು ಅದೇ ಮೊದಲು. ಗಾಡಿ ಬೀದಿ ತಿರುಗುವವರೆಗೂ ನಿಂತಿದ್ದು, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅಷ್ಟರಲ್ಲಿ ಎದುರುಮನೆಯ ಎಲ್ಲಮ್ಮ, ಇನ್ನಿಬ್ಬರು ಹೆಂಗಸರನ್ನು ಜೊತೆಗೆ ಕರೆದುಕೊಂಡು, ಮಡಕೆಯ ತುಂಬ ಕೆಂಡ ತಂದರು. ಮಡಿಲಲ್ಲಿ ಹೊಗೆಸೊಪ್ಪಿನ ಕಡ್ಡಿಯಿತ್ತು. ಕೆಟ್ಟ ಮನಸ್ಸಿನವರಲ್ಲ, ನಮ್ಮ ಕಷ್ಟಕ್ಕೆ ಓಡಿಬಂದವರು.

“ಒಂದಿದ್ದ ಕಡೆ ಇನ್ನೊಂದು ಇರ್ತದೆ ಕಣಮ್ಮ. ಹಸುಗೂಸಿರೋ ಮನೆ. ಬಾಗ್ಲು ಹಾಕು, ಹೊಗೆ ಹಾಕಿಬಿಡಾನ” ಎಂದರು ಎಲ್ಲಮ್ಮ.

ಚಿಕ್ಕಮ್ಮ ಹೊಸಿಲಿಗೆ ಅಡ್ಡ ನಿಂತರು. “ಹೊಗೆ ಬ್ಯಾಡ ಎಲ್ಲಮ್ಮಕ್ಕ. ಹುಳ ಒಂದೂ ಉಳಿಯಲ್ಲ.”

“ನಿಮ್ಮತ್ತೆ ಉಳೀತಾಳೋ ಇಲ್ವೋ ಗೊತ್ತಿಲ್ಲ, ನಿಂಗೆ ಹುಳದ ಚಿಂತೆನಾ? ನಾಳೆ ಆ ಮಗೀಗೆ ಏನಾದ್ರೂ ಆದ್ರೆ ಯಾರ್ ಹೊಣೆ?”

ಚಿಕ್ಕಮ್ಮನ ಕಣ್ಣಲ್ಲಿ ನೀರಿತ್ತು. ಕೈ ಬಾಗಿಲ ಚೌಕಟ್ಟನ್ನು ಬಿಡಲಿಲ್ಲ. “ನಮ್ಮತ್ತೆ ಬರ್ತಾರೆ. ಬಂದು ಹುಳ ಎಲ್ಲಿ ಅಂತಾರೆ. ನಾನೇನ್ ಹೇಳ್ಲಿ? ಅಕ್ಕನ್ನೂ ಮಗೂನೂ ನಿಮ್ಮನೇಲಿ ಇಟ್ಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಈ ಮನೇಲಿ ನಾನಿರ್ತೀನಿ.”

ಎಲ್ಲಮ್ಮ ಮಡಕೆಯ ಕೆಂಡವನ್ನು ಬೀದಿಯ ಚರಂಡಿಗೆ ಸುರಿದು, ಕೈ ತೊಳೆದುಕೊಂಡು ಬಂದು, ತಾವೇ ಕೂಸನ್ನು ಎತ್ತಿಕೊಂಡರು. ಅಮ್ಮ ಹಿಂದೆ ತಿರುಗಿ ನೋಡುತ್ತ ಅವರ ಜೊತೆ ಹೋದರು.

ಮನೆಯಲ್ಲಿ ಉಳಿದವರು ಚಿಕ್ಕಮ್ಮ ಮತ್ತು ನಾನು. ಅವತ್ತು ಅವರು ನನ್ನ ಕೈ ಹಿಡಿಯಲಿಲ್ಲ. ಅಂಗಳದಲ್ಲಿದ್ದ ಚಂದ್ರಿಕೆಗಳನ್ನು ಒಂದೊಂದಾಗಿ ನೆಲಕ್ಕೆ ಕುಟ್ಟಿ, ತಿರುಗಿಸಿ ನೋಡಿ ಒಳಗೆ ತಂದರು. ಇಬ್ಬರೂ ಹುಳ ಆರಿಸತೊಡಗಿದೆವು. ಮಧ್ಯಾಹ್ನದ ಹೊತ್ತಿಗೆ ನಾನು ಬಾಗಿದ ಸೊಂಟ ಎತ್ತಿ ನೋಡಿದಾಗ, ಚಿಕ್ಕಮ್ಮ ಕಲ್ಲಿನಂತೆ ನಿಂತಿದ್ದರು. ಅವರೆದುರಿನ ತಟ್ಟೆಯ ಅಂಚಿನ ಮೇಲೆ ಕೂದಲಿನ ಜೇಡ ಇಳಿದು ಕುಳಿತಿತ್ತು. ಮುಂಗಾಲೆರಡನ್ನೂ ಎತ್ತಿತ್ತು. ಹಳದಿ ಪಟ್ಟೆ ಚೆನ್ನಾಗಿ ಕಾಣುತ್ತಿತ್ತು.

“ಲಚ್ಚೀ, ಕುಡಿಕೆ ತಾ. ಓಡ್ಬೇಡ, ಮೆಲ್ಲಗೆ ಬಾ.”

“ನಾನ್ ಹಿಡೀತೀನಿ ಚಿಕ್ಕಮ್ಮ, ಅವ್ವ ಕಲ್ಸಿದಾರೆ.”

“ಬ್ಯಾಡ ಕಣೇ. ನೀನು ಮಗು. ನನ್ನ ಕೈಗೆ ಕೊಡು.”

ಎಡಗೈಯಲ್ಲಿ ಕುಡಿಕೆಯನ್ನು ತಟ್ಟೆಯ ಅಂಚಿಗೆ ಒತ್ತಿ ಹಿಡಿದು, ಬಲಗೈಯ ಪೊರಕೆ ಕಡ್ಡಿಯಿಂದ ಅದರ ಹಿಂಗಾಲನ್ನು ಮೆಲ್ಲಗೆ ತಟ್ಟಿದರು. ಅದು ಕದಲಲಿಲ್ಲ. ಇನ್ನೊಮ್ಮೆ ತಟ್ಟಿದರು. ಕುಡಿಕೆ ಮಾತ್ರ ಅಂಚು ಬಿಟ್ಟು ಅಲುಗಲಿಲ್ಲ. ಜೇಡ ಒಮ್ಮೆಲೇ ಮುಂದೆ ಹಾರಿ ಕುಡಿಕೆಯೊಳಗೆ ಬಿತ್ತು. ಚಿಕ್ಕಮ್ಮ ಅದರ ಬಾಯಿಗೆ ಬಟ್ಟೆ ತುರುಕಿ, ಹಿತ್ತಿಲು ದಾಟಿ, ಕತ್ತಾಳೆ ಬೇಲಿಯಾಚೆ ಕುಡಿಕೆಯನ್ನೇ ಎಸೆದರು. ಬೇಲಿಯ ಪಕ್ಕದಲ್ಲಿ ಕುಳಿತು ವಾಂತಿ ಮಾಡಿಕೊಂಡರು. ಬಾವಿಕಟ್ಟೆಯಲ್ಲಿ ಮುಖ ತೊಳೆದು, “ಬಾರೇ, ಹೊತ್ತಾಗ್ತದೆ” ಎಂದು ಒಳಗೆ ನಡೆದರು. ಸಂಜೆ ಎಲ್ಲಮ್ಮ ಸ್ನಾನ ಮಾಡಿ, ಸೀರೆ ಬದಲಿಸಿಕೊಂಡು, ನಮ್ಮ ಜೊತೆ ಹುಳ ಆರಿಸಲು ಬಂದರು. ಕತ್ತಲಾಗುವ ಮುಂಚೆ ಕೊನೆಯ ತಟ್ಟೆ ಖಾಲಿಯಾಯಿತು.

ಅವ್ವ ಬದುಕಿದರು. ಕೆಲವು ದಿನ ಕಳೆದು ಅದೇ ಗಾಡಿಯಲ್ಲಿ ಬಂದಿಳಿದು, ಯಾರನ್ನೂ ಮಾತನಾಡಿಸದೆ ನೇರವಾಗಿ ಚಂದ್ರಿಕೆಗಳ ಹತ್ತಿರ ಹೋದರು. ಸುರುಳಿ ಸುರುಳಿಯ ನಡುವೆ ತೆಳು ಹಸಿರು ಬೆರೆತ ಹಳದಿ ಗೂಡುಗಳು ತುಂಬಿ ನಿಂತಿದ್ದವು. ಒಂದನ್ನು ಬಿಡಿಸಿ, ಒಳಗಿನ ಹುಳ ಸದ್ದು ಮಾಡುತ್ತದೆಯೇ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಅಷ್ಟರಲ್ಲಿ ಯೋಗಕ್ಷೇಮ ವಿಚಾರಿಸಲು ಬೀದಿಯವರು ಬಂದರು. ಅವ್ವ ತಮ್ಮ ನೋವಿನ ಸುದ್ದಿಯನ್ನೇ ಎತ್ತಲಿಲ್ಲ. “ನೋಡ್ರಮ್ಮಾ, ನನ್ ಸೊಸೆ ಎಬ್ಬಿಸಿರೋ ಬೆಳೆ ನೋಡಿ” ಎಂದು ಒಬ್ಬೊಬ್ಬರನ್ನೂ ಒಳಗೆ ಕರೆದು ತೋರಿಸಿದರು. ಚಿಕ್ಕಮ್ಮ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅವರ ತಂದೆ ಕರೆದೊಯ್ಯಲು ಬಂದಾಗ, ಹಬ್ಬಕ್ಕೆಂದು ಹೋದರು. ಮುಂದಿನ ಬೆಳೆಯ ಮೊಟ್ಟೆ ಒಡೆಯುವ ಮುಂಚೆ, ಯಾರೂ ಕರೆಯಲು ಹೋಗದೆ, ತಾವೇ ತಿರುಗಿ ಬಂದರು.

ಅವ್ವನ ಬಲಗೈ ಮೊದಲಿನಂತಾಗಲಿಲ್ಲ. ಹೆಬ್ಬೆರಳು ಜೋಮು ಹಿಡಿದೇ ಇತ್ತು. ನಡುಮನೆಯ ಯಜಮಾನಿಕೆ ಮೆಲ್ಲಮೆಲ್ಲನೆ ಚಿಕ್ಕಮ್ಮನಿಗೆ ಬಂತು. ಸುತ್ತಿನ ಊರುಗಳಲ್ಲಿ ಹುಳ ಸಾಕುವವರ ಮನೆಗೆ ಜೇಡವೋ ಚೇಳೋ ಹೊಕ್ಕರೆ ಅವರಿಗೆ ಹೇಳಿಕಳಿಸುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ನಾನು, “ಈಗ ಭಯ ಹೋಯ್ತಾ ಚಿಕ್ಕಮ್ಮ?” ಎಂದು ಕೇಳಿದ್ದೆ. “ಎಲ್ಲಿ ಹೋಗ್ತದೆ? ಇವತ್ತೂ ಸೂರು ನೋಡಿದ್ ಮೇಲೇ ಒಳಗೆ ಕಾಲಿಡೋದು ಕಣೇ” ಎಂದು ನಕ್ಕರು. ಆ ಮನೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಒಂದನ್ನೂ ನಾವು ವಿಷಕ್ಕೆ ಕೊಡಲಿಲ್ಲ. ಒಂದು ಬೆಳೆಯನ್ನೂ ಹೊಗೆಗೆ ಕೊಡಲಿಲ್ಲ. ಇದನ್ನು ನಾನು ಯಾರ ಮುಂದೆ ಬೇಕಾದರೂ ತಲೆಯೆತ್ತಿ ಹೇಳುತ್ತೇನೆ.

ಈಗ ಆ ಮನೆಯಿಲ್ಲ. ಸೊಪ್ಪಿನ ತೋಟವಿದ್ದಲ್ಲಿ ಬೇರೆಯವರ ಟೊಮೆಟೊ ಇದೆ. ಚಿಕ್ಕಮ್ಮ ಕೊನೆಗಾಲವನ್ನು ಮಾಲೂರಿನಲ್ಲಿ ಮಗನ ಹೊಸ ಮನೆಯಲ್ಲಿ, ಮೊಮ್ಮಕ್ಕಳ ಗಲಾಟೆಯ ನಡುವೆ ಕಳೆದರು. ನುಣುಪಾದ ಗೋಡೆಯ, ಸೂಜಿ ತೂರುವಷ್ಟೂ ಸಂದಿಲ್ಲದ ಮನೆ. ಅವರು ತೀರಿಕೊಂಡ ಮಾರನೆಯ ದಿನ ಅವರ ಕೋಣೆಯನ್ನು ತೆರವು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಚಾಪೆಯನ್ನು ಸುತ್ತುವ ಮುಂಚೆ, ಯೋಚನೆಯೇ ಇಲ್ಲದೆ, ಎರಡು ತುದಿ ಹಿಡಿದು ಜೋರಾಗಿ ಕೊಡವಿದೆ. ಕೊಡವಿ, ಅಭ್ಯಾಸಬಲದಿಂದ ನೆಲವನ್ನು ನೋಡುತ್ತ ನಿಂತೆ. ಏನೂ ಬೀಳಲಿಲ್ಲ.