ಹವಾಲ್ದಾರರು ಓದಿಸಿದ ಆದೇಶ

ಹವಾಲ್ದಾರರ ಎಡಗಾಲು ಮಂಡಿಯಲ್ಲಿ ಮಡಚುತ್ತಿರಲಿಲ್ಲ. ವಿಜಯನಗರದ ನನ್ನ ಜೆರಾಕ್ಸ್ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಆ ಕಾಲು ಬಾಗಿಲಿಗೆ ಅಡ್ಡವಾಗಿ ನೆಟ್ಟಗೆ ಚಾಚಿರುತ್ತಿತ್ತು. ಬಂದವರು ದಾಟಿಕೊಂಡೇ ಒಳಗೆ ಬರಬೇಕು. ಯಾರಾದರೂ ಮುಖ ಸಿಂಡರಿಸಿದರೆ, "ರಜೇಲಿ ಮೋಜಿಗೆ ಹೋಗಿ ಮುರ್ಕೊಂಡಿದ್ದಂತೆ ಕಣಪ್ಪ, ಸರ್ಕಾರಿ ಕಾಗದದಲ್ಲೇ ಇದೆ," ಎನ್ನುತ್ತಿದ್ದರು.

ನಡೆದದ್ದೇ ಬೇರೆ. ಸೇನೆಯಲ್ಲಿದ್ದಾಗ, ಗಡಿಯ ಬೆಟ್ಟದ ದಾರಿಯಲ್ಲಿ ಲಾರಿ ಒಯ್ಯುವಂತೆ ಅವರ ಮೇಲಧಿಕಾರಿ ಅಪ್ಪಣೆ ಮಾಡಿದ್ದ. ಬ್ರೇಕ್ ಹಿಡಿಯುತ್ತಿಲ್ಲವೆಂದು ಇವರು ಹೇಳಿದರೂ ಕೇಳಲಿಲ್ಲ. ಲಾರಿ ಉರುಳಿತು. ತನ್ನ ತಪ್ಪು ಮುಚ್ಚಿಕೊಳ್ಳಲು ಅವನು, ಆ ದಿನ ಇವರು ರಜೆಯಲ್ಲಿದ್ದು ಹೇಳದೆ ಕೇಳದೆ ಲಾರಿ ಹತ್ತಿದರೆಂದು ವರದಿ ಬರೆದ. ಆ ಒಂದು ಸಾಲಿಗೆ ಇವರ ನೌಕರಿಯೂ ಹೋಯಿತು, ಅಂಗವೈಕಲ್ಯದ ಪಿಂಚಣಿಯೂ ತಪ್ಪಿತು.

ಅವರ ಅರ್ಜಿಗಳನ್ನೆಲ್ಲ ಟೈಪ್ ಮಾಡುತ್ತಿದ್ದವಳು ನಾನು. ಇನ್ನು ಮುಂದಕ್ಕಷ್ಟೇ ಪಿಂಚಣಿ ಕೇಳಿದರೆ ಬೇಗ ಆಗುತ್ತದೆಂದು ಯಾರೋ ಗುಮಾಸ್ತರು ಹೇಳಿದ್ದನ್ನು ಅವರಿಗೆ ತಿಳಿಸಿದೆ.

"ಇವತ್ತಿಂದ ಕೊಟ್ರೆ ನಾನು ಇವತ್ತು ಕುಂಟ ಆದಂಗೆ ಕಣಮ್ಮ. ಆವತ್ತಿನ ತಾರೀಖೇ ಹಾಕು."

ಆ ಅಧಿಕಾರಿ ನಿವೃತ್ತನಾಗಿ ಅನ್ನಪೂರ್ಣೇಶ್ವರಿ ನಗರದಲ್ಲಿ ಮನೆ ಕಟ್ಟಿಸಿದ್ದ. ಪ್ರತಿ ಭಾನುವಾರ ಬೆಳಗ್ಗೆ ಹವಾಲ್ದಾರರು ಬಸ್ಸು ಹಿಡಿದು ಹೋಗಿ ಅವನ ಮನೆ ಎದುರಿನ ಪಾರ್ಕಿನ ಬೆಂಚಿನಲ್ಲಿ ಕೂತು ಬರುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲವಂತೆ. ಯಾಕೆ ಎಂದು ಕೇಳಿದೆ.

"ಅವ್ನು ವರಾಂಡದಲ್ಲಿ ಪೇಪರ್ ಓದ್ತಾ ತಲೆ ಎತ್ತಿದ್ರೆ ನಾನು ಕಾಣ್ಬೇಕು. ಅಷ್ಟೇ."

ಕೆಲವು ತಿಂಗಳಾದ ಮೇಲೆ ಅವನು ವರಾಂಡದ ಕುರ್ಚಿಯನ್ನು ಒಳಗೆ ಹಾಕಿಕೊಂಡ. ಆ ದಿನ ಹವಾಲ್ದಾರರು ನನಗೆ ಕಾಫಿ ಕೊಡಿಸಿದರು.

ಕೊನೆಗೆ ಮಾಹಿತಿ ಹಕ್ಕಿನಲ್ಲಿ ಲಾರಿಯ ಡ್ಯೂಟಿ ಪುಸ್ತಕದ ನಕಲು ಸಿಕ್ಕಿತು. ಅಪಘಾತದ ದಿನ ಇವರ ಹೆಸರಿನ ಮುಂದೆ ಅಧಿಕಾರಿಯದೇ ಸಹಿ. ವರದಿ ಸುಳ್ಳು, ಗಾಯ ಕರ್ತವ್ಯದಲ್ಲಾದದ್ದು, ಸೇನೆಯಿಂದ ಬಿಡಿಸಿದ ದಿನದಿಂದಲೇ ಪಿಂಚಣಿ ಸಲ್ಲಬೇಕು ಎಂದು ನ್ಯಾಯಮಂಡಳಿ ಆದೇಶಿಸಿತು.

ಆದೇಶ ಹಿಡಿದು, ನನ್ನನ್ನೂ ಕರೆದುಕೊಂಡು ಅವನ ಮನೆಗೆ ಹೋದರು. ಹೆಂಡತಿ, ಅಳಿಯ ಅಲ್ಲೇ ಇದ್ದರು. ಅವನು ಕೈಮುಗಿದು ತಪ್ಪಾಯಿತೆಂದ.

"ಕ್ಷಮಾಪಣೆ ಬೇಡ ಸಾರ್. ಇದನ್ನ ಓದಿ. ಮನೆಯೋರಿಗೆ ತಿಳಿಯೋ ಹಾಗೆ ಕನ್ನಡದಲ್ಲಿ ಹೇಳಿ."

ಅವನು ಓದಿ ಹೇಳತೊಡಗಿದ. ಸುಳ್ಳು ವರದಿ ಎಂಬಲ್ಲಿ ದನಿ ಇಳಿಯಿತು.

"ಕೇಳಿಸ್ಲಿಲ್ಲ. ಇನ್ನೊಂದ್ಸಲ."

ಇನ್ನೊಮ್ಮೆ ಹೇಳಿದ. ಹೆಂಡತಿ ಎದ್ದು ಒಳಗೆ ಹೋದರು. ನನಗೆ ಅಯ್ಯೋ ಅನ್ನಿಸಬೇಕಿತ್ತೇನೋ, ಅನ್ನಿಸಲಿಲ್ಲ. ಮೂರನೆಯ ಸಲವೂ ಓದಿಸಲಿ ಎಂದುಕೊಂಡೆ.

ಎರಡು ವರ್ಷಕ್ಕೆ ಹವಾಲ್ದಾರರು ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ನಾನು ಹೋದ್ಮೇಲೆ ಅವ್ನು ಹಾರ ಹಿಡ್ಕೊಂಡು ಬರ್ತಾನೆ ನೋಡ್ತಿರು. ಒಳಗೆ ಬಿಡ್ಬೇಡ," ಎಂದಿದ್ದರು.

ಹವಾಲ್ದಾರರು ತೀರಿಕೊಂಡ ದಿನ ಅವನು ಬಂದ. ನಾನು ಗೇಟಿಗೆ ಅಡ್ಡ ನಿಂತೆ.

"ನೀವು ಬರಬಾರ್ದು ಅಂದಿದ್ದಾರೆ ಸಾರ್."

ದೂರದಿಂದಲಾದರೂ ಮುಖ ನೋಡಿ ಹೋಗುತ್ತೇನೆಂದ. ಕಣ್ಣು ಒದ್ದೆಯಾಗಿತ್ತು. ಅದುವರೆಗೆ ಸಾವಿನ ಮನೆಯಿಂದ ಯಾರನ್ನೂ ವಾಪಸು ಕಳಿಸಿದವಳಲ್ಲ ನಾನು. ಆದರೂ ಕದಲಲಿಲ್ಲ. ಅವನು ಹಾರವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಹೊರಟುಹೋದ.