ಬೋರ್ಡಿಂಗಿನ ಒಲೆಗೆ ಬಂದ ಹಾಲವ್ವ

ಗಡಹಿಂಗ್ಲಜದ ಹಾಲವ್ವನ ಅಡುಗೆ ಒಮ್ಮೆ ಉಂಡವರು ಮುಂದಿನ ಮದುವೆಗೂ ಅವಳನ್ನೇ ಕರೆಸುತ್ತಿದ್ದ ಕಾಲವಿತ್ತು. ಇಚಲಕರಂಜಿಯ ಮದುವೆಯೊಂದು ಆ ಹೆಸರನ್ನೆಲ್ಲ ನುಂಗಿ ಹಾಕಿತು. ಆಮೇಲೆ ಯಾರೂ ಕರೆಯಲಿಲ್ಲ; ಕಂಡವರ ಹೊಲದಲ್ಲಿ ಕಳೆ ಕಿತ್ತು ದಿನ ನೂಕಿದಳು. ೧೯೬೨ರ ಜೂನಿನಲ್ಲಿ, ಕೊಲ್ಹಾಪುರದ ವಿದ್ಯಾರ್ಥಿಗಳ ಬೋರ್ಡಿಂಗಿಗೆ ಅಡುಗೆಯವರು ಬೇಕಂತೆ ಎಂದು ಕೇಳಿ, ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆಯುಟ್ಟು ಬಸ್ಸು ಹತ್ತಿದಳು.

ಬೋರ್ಡಿಂಗಿನ ಅಧ್ಯಕ್ಷ ಬಾಳಾಸಾಹೇಬರು ಬೆಲ್ಲದ ವ್ಯಾಪಾರಿ. ಪಕ್ಕದಲ್ಲಿ ಕೂತ ಕಾರ್ಯದರ್ಶಿ ದಾದಾಸಾಹೇಬರಿಗೆ ನಗುವೆಂದರೆ ಅಷ್ಟಕ್ಕಷ್ಟೆ.

"ಹಿಂದ ಕೆಲಸದಾಗ ಏನರ ತಪ್ಪ ಮಾಡೀಯೇನವ್ವಾ?" ಬಾಳಾಸಾಹೇಬರು ಕೇಳಿದರು.

ಇದೇ ಕೆಲಸ ಕೇಳಲು ಅವಳಿಗಿಂತ ಮೊದಲು ಒಳಹೋದ ಇಬ್ಬರೂ ಇದೇ ಪ್ರಶ್ನೆಗೆ "ಏನೂ ಇಲ್ರಿ" ಅಂದದ್ದು ಬಾಗಿಲ ಹೊರಗೆ ಕೇಳಿಸಿತ್ತು. ಆ ಮಾತು ಅವಳ ನಾಲಿಗೆ ತುದಿಗೂ ಬಂತು. ನುಂಗಿಕೊಂಡಳು.

"ಮಾಡೇನ್ರಿ. ಭಾಳ ದೊಡ್ಡದು ಮಾಡೇನಿ. ಇಚಲಕರಂಜಿಯ ನೇಕಾರರ ಮನ್ಯಾಗ ಮದುವಿ ಇತ್ರಿ. ಹಿತ್ತಾಳಿ ಪಾತೇಲಿ ಒಳಗಿನ ತವರದ ಕಲಾಯಿ ಹೋಗಿದ್ದು ಕಣ್ಣಿಗೆ ಕಂಡಿತ್ತು. ಒಂದ ರಾತ್ರಿಗೆ ಏನ ಆಗತೈತಿ ಅಂತ ಹುಳಿ ಮಜ್ಜಿಗಿ ಅದರಾಗ ಇಟ್ಟೆ. ಕಿಲುಬು ಇಳದು, ಮರದಿನ ಉಂಡವರಿಗೆಲ್ಲಾ ವಾಂತಿ. ಮದುಮಗಳೂ ನೆಲಾ ಹಿಡದ್ಲು."

"ಯಾರದರ ಜೀವಾ ಹೋತೇನು?"

"ಇಲ್ರಿ. ಸಂಜಿಗೆ ಎಲ್ಲಾರೂ ಎದ್ದ ಕುಂತ್ರು."

ದಾದಾಸಾಹೇಬರು ಮುಂದಕ್ಕೆ ಬಾಗಿದರು. "ತಪ್ಪ ನಿಂದು ಅಂತ ಅವರಿಗೆ ಹೆಂಗ ಗೊತ್ತಾತು?"

"ನಾನ ಹೇಳಿದ್ನಿರಿ. ಹಾಲ ಕೆಟ್ಟಿತ್ತು ಅಂತ ಹಾಲ ತಂದಕೊಟ್ಟ ತಾನಾಜಿನ ಹಿಡದ ಹೊಡ್ಯಾಕತ್ತಿದ್ರು. ಬಡವ, ಅಳಾಕತ್ತಿದ್ದ. ನಡುವ ಹೋಗಿ ನಿಂತು, ಅವಂದಲ್ಲ, ನಂದು ಅಂದೆ."



"ಆದ್ರ ಬಾಳಾಸಾಹೇಬ," ದಾದಾಸಾಹೇಬರು ತಲೆಯಾಡಿಸಿದರು, "ಇಷ್ಟ ಕೇಳಿದ ಮ್ಯಾಲ ಮಂದಿ ಮಕ್ಕಳನ್ನ ಇಕಿ ಕೈಯಾಗ ಹೆಂಗ ಕೊಡೂದು?"

ಹಾಲವ್ವನಿಗೆ ಎದ್ದು ಹೋಗಿಬಿಡಬೇಕು ಅನಿಸಿತು. ಎದ್ದಳು ಕೂಡ, ಆದರೆ ಬಾಗಿಲ ಕಡೆ ತಿರುಗದೆ ಸೆರಗು ಸೊಂಟಕ್ಕೆ ಬಿಗಿದಳು.

"ಕೊಡೂದು ಬಿಡೂದು ನಿಮ್ಮ ಕೈಯಾಗ ಐತ್ರಿ. ಕೊಟ್ರ ನಂದೊಂದ ಮಾತ ಐತಿ. ಕಲಾಯಿ ಹೋದ ಪಾತ್ರಿ ನಾ ಒಲಿ ಮ್ಯಾಲ ಇಡಾಂಗಿಲ್ಲ. ಅಧ್ಯಕ್ಷರು ಬಂದ ಹೇಳಿದ್ರೂ ಇಡಾಂಗಿಲ್ಲ. ಅವತ್ತ ಹುಡುಗೂರು ಅವಲಕ್ಕಿ ತಿಂದ ಸಾಲಿಗೆ ಹೋಗ್ಲಿ."

ಬಾಳಾಸಾಹೇಬರು ಕುರ್ಚಿ ಕಿರುಗುಟ್ಟುವಂತೆ ನಕ್ಕರು. "ಕೆಲಸಾ ಸಿಗೂದಕ್ಕಿಂತ ಮೊದಲ ನನಗ ಹುಕುಂ ಮಾಡಾಕತ್ತಾಳಲ್ಲೋ ದಾದಾ! ತಪ್ಪ ಮಾಡೇ ಇಲ್ಲ ಅನ್ನಾವರ ಅಡಗಿ ಉಣ್ಣಾಕ ನನಗ ಅಂಜಿಕಿ ಬರತೈತಿ. ನಾಳಿಂದ ಬಾರವ್ವಾ."

"ನಾಳಿ ಯಾಕ್ರಿ? ಒಲಿ ಎಲ್ಲೈತಿ ತೋರಸ್ರಿ."

ಆ ಸಂಜೆ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಖಾರದ ಚಟ್ನಿ. ಹುಡುಗರು ಸಾಲುಗಟ್ಟಿ ಕೂತು, ತಟ್ಟೆ ಬಡಿದು ಮತ್ತೆ ಮತ್ತೆ ಹಾಕಿಸಿಕೊಂಡರು. ರುಚಿ ನೋಡಲೆಂದಷ್ಟೇ ಬಂದಿದ್ದ ದಾದಾಸಾಹೇಬರು ಮಾತಿಲ್ಲದೆ ಕೂತು ಉಂಡು, ಕೊನೆಯ ರೊಟ್ಟಿಗೂ ತಟ್ಟೆ ಚಾಚಿದರು. ಹಾಲವ್ವನಿಗೆಂದು ಒಂದು ಚೂರೂ ಉಳಿಯಲಿಲ್ಲ. ಅವಳು ಗಟ್ಟಿಯಾಗಿ ನಗುತ್ತ ಮತ್ತೆ ಹಿಟ್ಟು ನಾದಿ, ತನ್ನ ಪಾಲಿನ ರೊಟ್ಟಿ ಬಡಿಯಲು ಕೂತಳು.